ಕೊಸರು

ಮೊದಲನೇ ಸಲ ಬಂದಾಗ ನಿನ್ನ ಹೆಸರು ಸೀನ,
ಲಾರಿ ಕ್ಲೀನರು, ತೋರಣಗಲ್ಲಿನ ಕಡೆಯವನು.
ಬಳ್ಳಾರಿ ಬಿಸಿಲಿಗೆ ಮುಖ ಗಂಟುಹಾಕಿಕೊಂಡು
ಜೀನ್ಸ್ ತೊಳೆಯೋ ಶೆಡ್ಡಿನ ಹಿಂದೆ, ನೀಲಿ ನೀರಿನ ಚರಂಡಿ ದಂಡೆಗೆ
ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು
ಸೊಪ್ಪು ಸಿಗತೈತೇನಣ್ಣ ಅಂದಿ.
ನಾನು ಸೇದುತ್ತಿದ್ದುದನ್ನೇ ಅರ್ಧ ಕೊಟ್ಟೆ.
ರೊಕ್ಕ ಬ್ಯಾಡ ಅಂದೆ.
ಇದು ದೋಷಾರೋಪ ಪಟ್ಟಿಯಲ್ಲಿಲ್ಲ.

ಎರಡನೇ ಸಲ ಮುನ್ನೂರು ರೂಪಾಯಿ.
ಅವತ್ತು ಮನೆಗೇ ಬಂದಿ. ಅವ್ವ ಒಗ್ಗಾಣಿ ಮಾಡಿ
ನಿನಗೆ ಎರಡು ಮಿರ್ಚಿ, ನನಗೊಂದು ಇಟ್ಟಳು.
ನೀರು ಕುಡಿದು, ಲೋಟ ಬೋರಲು ಹಾಕಿ,
ನಿಮ್ಮವ್ವನ ಕೈ ದೊಡ್ಡದು ಅಂದಿ.
ಇದೂ ಇಲ್ಲ.

ಮೂರನೇ ಸಲದ್ದು ಎಲ್ಲಾ ಐತೆ.
ಮಂಗಳವಾರ, ಸಂಜೆ ಆರೂ ಹತ್ತು.
ಐನೂರರ ನೋಟು ಹದಿನಾರು, ನಂಬರು ಮೊದಲೇ ಬರಕೊಂಡಿದ್ದು,
ಒಂದರ ಮೇಲೆ ನನ್ನ ನೀಲಿ ಹೆಬ್ಬೆಟ್ಟು.
ಪಂಚರು ಇಬ್ಬರು. ಅದರಲ್ಲೊಬ್ಬ ಪಂಚರ್ ಅಂಗಡಿಯವನೇ,
ಹೋದ ವರ್ಷ ನಾಲ್ಕು ಕೇಸಲ್ಲಿ ಎಲ್ಲಾ ಕಂಡವನು.
ಗೆಜೆಟೆಡ್ ಅಧಿಕಾರಿ ಮುಂದೆ ಶೋಧನೆ ಬೇಕೇನಪ್ಪ ಅಂತ ಕೇಳಿದರಂತೆ.
"ತಮ್ಮ ಮೇಲೆ ನನಗೆ ಸಂಪೂರ್ಣ ವಿಶ್ವಾಸವಿರುತ್ತದೆ" ಅಂದೆನಂತೆ.
ಅಷ್ಟು ಚೆಂದದ ಕನ್ನಡ
ನನ್ನ ಬಾಯಿಂದ ಹುಟ್ಟಿದಾಗಿಂದ ಬಂದಿಲ್ಲ.

ಕೇಳು ಸೀನ,
(ನಿನ್ನ ಖರೇ ಹೆಸರೂ ಗೊತ್ತು, ಪೇದೆ ನಂಬರೂ ಗೊತ್ತು, ಬಾಯಿಗೆ ಬರೋದು ಇದೇ)
ಮಾರಿದ್ದು ಸುಳ್ಳಲ್ಲ.
ಸೇಟಿಗೆ ಬೇಕು, ಒಂದು ಕಿಲೋ, ಒಂದೇ ಗಂಟಲ್ಲಿ ಅಂತ
ಹನ್ನೊಂದು ದಿನ ಬೆನ್ನು ಬಿಡಲಿಲ್ಲ ನೀನು.
ನನ್ನ ಹತ್ತಿರ ಅಷ್ಟು ಎಲ್ಲಿಂದ ಬರಬೇಕು?
ಗಡಿಯಾಚೆಯಿಂದ ಉದ್ರಿ ತರಿಸಿದೆ.
ಅವ್ವನ ತಕ್ಕಡಿಯಲ್ಲೇ ತೂಗಿದೆ. ಮುಳ್ಳು ನೆಟ್ಟಗೆ ನಿಂತಿತು.
ಆಗ ನೀನು ನಕ್ಕು, ಕೈ ಚಾಚಿ,
ಕೊಸರು ಇಲ್ಲೇನಣ್ಣ? ಅಂದಿ.

ಕೊಸರಿಲ್ಲದ ಮನೆಯವನಲ್ಲ ನಾನು.
ಅವ್ವ ಸುಂಕಮ್ಮ ನಲವತ್ತು ವರ್ಷ ಬದನೆಕಾಯಿ ತೂಗಿದವಳು,
ಕಾಲು ಕಿಲೋದವರಿಗೂ ಒಂದು ಕಾಯಿ ಮೇಲೆ.
ಗಿರಾಕಿ ಕೈ ಚಾಚಿದರೆ
ನಮ್ಮ ಕೈ ನಮ್ಮನ್ನ ಕೇಳಿ ಏಳಲ್ಲ.
ಒಂದು ಹಿಡಿ ಹಾಕಿದೆ.

ಒಂದು ಕಿಲೋ ನಲವತ್ತು ಗ್ರಾಂ.

ಕಿಲೋ ದಾಟದಿದ್ದರೆ ವರ್ಷದೊಳಗೆ ಮನೆ.
ದಾಟಿದರೆ ಹತ್ತರ ತನಕ ಎಷ್ಟಾದರೂ. ನನಗೆ ಏಳು.
ನೀನೇ ಲೆಕ್ಕ ಹಾಕು:
ಕಿಲೋಕ್ಕೆ ಒಂದು ವರ್ಷ,
ಹಿಡಿಗೆ ಆರು.

ಕಾನೂನು ನೆರವಿನ ಮೇಡಂ ಧಾರವಾಡದ ಪೀಠಕ್ಕೆ ಮೇಲ್ಮನವಿ ಬರೆಯಾಕತ್ತಾರೆ.
ಆಧಾರ ಒಂದು: ಕಡ್ಡಿ, ಬೀಜ, ಪ್ಲಾಸ್ಟಿಕ್ ಚೀಲ ಬೇರೆ ಮಾಡಿ ತೂಗಿಲ್ಲ.
ಎರಡು: ಅರಗಿನ ಮುದ್ರೆ ಆ ರಾತ್ರಿ ಯಾರ ಕಿಸೆಯಲ್ಲಿತ್ತು?
ಮೂರು: ಪಂಚರ್ ಅಂಗಡಿ.
ಒಗ್ಗಾಣಿ ವಿಷಯಾನೂ ಬರೀರಿ ಅಂದೆ.
ಪೆನ್ನು ನಿಂತಿತು.
"ಅದು ಆಧಾರ ಆಗಲ್ಲ, ಹೊನ್ನೂರಪ್ಪ," ಅಂದರು ಮೆಲ್ಲಗೆ,
"ಬರೆದರೆ ಮಾರಿದ್ದು ಒಪ್ಪಿಕೊಂಡಂಗೆ."
ಹಂಗಾದರೆ ಬ್ಯಾಡ್ರಿ ಅಂದೆ.
ಕಡ್ಡಿ ನನ್ನನ್ನ ಬಿಡಿಸಲಿ. ಬೀಜ ಬಿಡಿಸಲಿ.
ಮಿರ್ಚಿ ಲೆಕ್ಕ ನನ್ನ ನಿನ್ನ ನಡುವೆ ಇರಲಿ.

ತಕ್ಕಡಿ ಈಗ ಮುದ್ದೆಮಾಲು, ನಂಬರು ಐದು.
ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಕೋರ್ಟಿನ ಕೋಣೆಯಲ್ಲಿ
ಧೂಳು ತೂಗಾಕತ್ತಿರಬೇಕು.
ಅವ್ವ ನೆಲದ ಮೇಲೆ ಗುಡ್ಡೆ ಹಾಕಿ ಮಾರತಾಳೆ,
ಗುಡ್ಡೆಗೆ ಇಪ್ಪತ್ತು.

ಮೊನ್ನೆ ಭೇಟಿಗೆ ಬಂದಿದ್ದಳು, ಜಾಲರಿಯ ಆ ಕಡೆ.
ನಿನ್ನ ದೋಸ್ತ ಬಂದಿದ್ದ ಅಂದಳು.
ಹೆಂಡತಿ ಜೊತೆ. ಖಾಕಿ ಇರಲಿಲ್ಲ. ಎರಡು ಗುಡ್ಡೆ ಬದನೆಕಾಯಿ.
ಗುರ್ತು ಸಿಕ್ಕಿತೇನು?
ನನ್ನ ಕಣ್ಣೇನು ಹೋಗಿಲ್ಲ.
ಏನಂದಿ?
ಏನೂ ಅನಲಿಲ್ಲ. ರೊಕ್ಕ ಕೊಟ್ಟಮೇಲೂ
ಚೀಲದ ಬಾಯಿ ತೆಗೆದುಕೊಂಡೇ ನಿಂತಿದ್ದ.
ಮತ್ತೆ?
ಎರಡು ಹಸಿಮೆಣಸಿನಕಾಯಿ ಹಾಕಿದೆ,
ಅಂದಳು, ತನ್ನ ಕೈಯನ್ನೇ ನೋಡಿಕೊಂಡು,
ಕೇಸು ಅದರ ಮೇಲೇ ಅನ್ನೋ ಹಂಗೆ.