ತಿರುಗುವ ಬಳೆ

ಬೂಟಿನ ಕೆಸರು ಅಲ್ಲೇ ಕೊಡವಿ ಬಾ, ಗುನ್ವೊರ್.
ನಾನು ಮಾರುವವನು;
ನನ್ನ ಮಾತಿಗೆ ಅರ್ಧ ಬೆಲೆ ಕಟ್ಟು.

ಇದು ನಾಲ್ಕರದು.
ತಿರುಗಿಸಲು ಏನೂ ಇಲ್ಲ. ನಾಲ್ಕೆಂದರೆ ನಾಲ್ಕು,
ಹಟಮಾರಿ ಅತ್ತೆಯ ಹಾಗೆ.
ತೂಕ ಕಡಿಮೆ, ಒಳಗೆ ಸಡಿಲಾಗುವಂಥದ್ದೂ ಕಡಿಮೆ.
ನಿನ್ನಪ್ಪ ಹಾಲ್ವಾರ್ ಇಂಥದ್ದನ್ನೇ
ಮೂವತ್ತೊಂದು ಬೇಟೆಗಾಲ ಹೊತ್ತ.
ಅವನ ಬಲಹುಬ್ಬಿನಲ್ಲಿತ್ತಲ್ಲ ಚಂದ್ರನ ಚೂರು,
ಹುಟ್ಟುಮಚ್ಚೆ ಅಂದುಕೊಂಡಿದ್ದೆಯಾ?
ಮೊದಲ ದಿನ ಕಣ್ಣು ತೀರ ಹತ್ತಿರ ಒಯ್ದ,
ಕೋವಿ ಒದ್ದು ಮುದ್ರೆ ಒತ್ತಿತು.

ಇಗೋ, ಇದು ಮೂರರಿಂದ ಹನ್ನೆರಡು.
ಈ ಬಳೆ ತಿರುಗಿಸು. ಬಿಗಿ ಇದೆ, ಹೆದರಬೇಡ.
ಕಿಟಕಿಯಾಚೆ ಸರೋವರ, ಅದರಾಚೆ ಬೆಟ್ಟ.
ದೂರದ ಬೆಟ್ಟ ನುಣ್ಣಗಿರುವುದು ಆರರ ತನಕ.
ಹನ್ನೆರಡಕ್ಕೆ ನೋಡು:
ಬರ್ಚ್ ಮರದ ಸುಲಿದ ತೊಗಟೆ,
ಯಾರೋ ಮರೆತ ಏಣಿಯ ಮುರಿದ ಮೂರನೇ ಮೆಟ್ಟಿಲು.
ಶಿಲುಬೆಗೆರೆ ಕುಣಿಯುತ್ತಿದೆಯಾ?
ಅದು ಗಾಳಿಯಲ್ಲ, ನಿನ್ನ ನಾಡಿ.
ನಾಲ್ಕರಲ್ಲೂ ಕುಣಿಯುತ್ತಿತ್ತು,
ಚಾಡಿ ಹೇಳುತ್ತಿರಲಿಲ್ಲ ಅಷ್ಟೆ.

ಯೆಮ್ಟ್‌ಲ್ಯಾಂಡಿನ ಈ ಮೂಲೆಯಲ್ಲಿ
ಇಂಥದ್ದನ್ನು ಮೊದಲು ಕೊಂಡ ಜಂಬದ ಕೋಳಿ ನಾನೇ.
ಜೌಗಿನ ಅಂಚಿಗೆ ಕೂತು ಬೆಳಗೆಲ್ಲ
ಕೊಕ್ಕರೆಗಳ ಗರಿ ನೋಡುತ್ತಿದ್ದೆ,
ಬಳೆ ಹನ್ನೆರಡರಲ್ಲೇ ಉಳಿದಿತ್ತು.
ನಾಯಿ ತುಸ್ಸೆ ಬೊಗಳಿತು.
ಸ್ಪ್ರೂಸ್ ಕೊಂಬೆ ಸೀಳಿಕೊಂಡು ಬಂತು ಗಂಡು ಎಲ್ಕ್,
ಮೂವತ್ತೇ ಹೆಜ್ಜೆ.
ಕಣ್ಣಿಟ್ಟೆ.
ಕಂದು.
ಬರೀ ಕಂದು ಕೂದಲು, ಅದರ ತುದಿಗೊಂದು ನೀರ ಹನಿ.
ಭುಜವೋ, ಹೊಟ್ಟೆಯೋ, ತೊಡೆಯೋ?
ಕೈಗವಸಿನೊಳಗೆ ಬೆರಳು ಮರಗಟ್ಟಿ
ಬಳೆ ಸಿಗಲಿಲ್ಲ; ಸಿಕ್ಕು ಮೂರಕ್ಕೆ ಬರುವ ಹೊತ್ತಿಗೆ
ಗಾಜಿನ ತುಂಬ ತೂಗುವ ಕೊಂಬೆ.

ಗುಡ್ಡದಾಚೆ ಒಂದೇ ಸದ್ದು. ನಿನ್ನಪ್ಪನದು.
ಸಂಜೆ ಈಲಿಯ ಪಾಲು ಕೊಟ್ಟ, ನಗಲಿಲ್ಲ,
"ಎಷ್ಟು ಕೂದಲು ಎಣಿಸಿದೆ ಟೊರ್ಕೆಲ್?" ಎಂದ.

ಇನ್ನೊಂದು ಮಾತು. ಹೇಳಬೇಡ ಅಂದಿದ್ದ, ಹೇಳುತ್ತೇನೆ.
ಕೊನೆಯ ಬೇಟೆಗಾಲ, ಅಂಗಡಿ ಮುಚ್ಚುವ ಹೊತ್ತು,
ಇದರ ಬೆಲೆ ಮೂರು ಸಲ ಕೇಳಿದ.
ಮಬ್ಬಿನಲ್ಲಿ ತಾಯಿ ಯಾವುದು ಕರು ಯಾವುದು
ತಿಳಿಯದೆ ಎರಡು ಸಲ ಕೋವಿ ಇಳಿಸಿದ್ದನಂತೆ.
ನೀನು ನಿಂತಲ್ಲೇ ನಿಂತು ಆಚೆ ದಡ ನೋಡಿದ,
ಬಟ್ಟೆಯಿಂದ ಒರೆಸಿ ಇಟ್ಟು ಹೋದ.

ಕೊಳ್ಳುವುದಾದರೆ ಇದನ್ನೇ ಕೊಳ್ಳು.
ನಡೆಯುವಾಗ ಮಾತ್ರ ಮೂರಕ್ಕಿಟ್ಟು ನಡೆ;
ಹತ್ತಿರದ್ದು ಕಾಯುವುದಿಲ್ಲ, ದೂರದ್ದು ಕಾಯುತ್ತದೆ.

ಅಷ್ಟು ಹೊತ್ತು ಏನು ನೋಡುತ್ತಿದ್ದೀ?
ಕೊಡಿತ್ತ,
ಗಾಜಿಗೆ ಮಂಜು ಕೂತಿದೆ.