ಗಿಡ್ಡ ಕೋಲು

ಖಡೇಬಜಾರದ ಅಂಗಡ್ಯಾಗ ಹುಡುಗ
ಒಂಬತ್ತು ಫೂಟಿನ ಕೋಲು ಬಳುಕಿಸಿ ತೋರಿಸಿದ:
“ಹಿಡಕಲ್ ಡ್ಯಾಮಿಗೆ ಇದಽ ಚಲೋರಿ.”

ನನ್ನದು ಡ್ಯಾಮಲ್ಲ, ಜಾಂಬೋಟಿ ಆಚೆಗಿನ ಹಳ್ಳ.
ಎರಡೂ ದಂಡಿಯ ಲಕ್ಕಿಗಿಡ ತಲಿಗೆ ತಲಿ ಹಚ್ಚಿ ಮಾತಾಡತಾವು;
ಕೈ ಎತ್ತಿ ಬೀಸಿದರ
ಗಾಳಕ್ಕ ಸಿಗೂದು ಟೊಂಗಿ, ಇಲ್ಲಾ ನನ್ನ ಟೊಪಗಿ.

ಇನಾಸ ಮಾಮಾ ಬಿದರಮೆಳಿಯೊಳಗ ತಾಸುಗಟ್ಟಲೆ ಆರಿಸಾಂವ,
ಸನಾದಿಯಾಂವ ಪೀಪಿ ಆರಿಸಿಧಂಗ.
ಹಳ್ಳಕ್ಕ ಬಂದು, ಮಂಡಿಯೂರಿ,
ದಾರದ ತುದಿ ಹಿಂದಕ್ಕ ಜಗ್ಗಿ ಬಿಡಾಂವ –
ಟೊಂಗಿಯ ಕೆಳಗಿಂದ ಹುಳ
ನುಸುಳಿ ಹೋಗಿ ನೀರಮ್ಯಾಲ ಕೂಡತಿತ್ತು,
ನೀರಿಗೂ ಗೊತ್ತಾಗಧಂಗ.

ಮೆಳಿ ಹೂಬಿಟ್ಟು ಒಣಗಿದ ವರ್ಷಾನ
ಮಾಮಾನೂ.

“ಗಿಡ್ಡಂದು ಇಲ್ಲೇನಪಾ?”
“ಸಣ್ಣ ಹುಡುಗರದ್ದು ಐತ್ರಿ, ಐದು ಫೂಟು.
ಮೊಮ್ಮಗಗೇನ್ರಿ?”
ಹೂಂ ಅಂದೆ.
ಪಾವತಿಗೆ ಹೆಸರು ಕೇಳಿದ.
ಇನಾಸ, ಅಂದೆ, ಬರಕೋ.