ತುದಿ

"ಮುನಿರತ್ನಮ್ಮ ಅವರೇ ಮಾತಾಡ್ತಿರೋದಾ?"

ಇಡೀ ಶಿಡ್ಲಘಟ್ಟದಲ್ಲಿ ನನ್ನ ಹೆಸರನ್ನ
ಪೂರ್ತಿ ಕರೆಯೋನು ಇವನೊಬ್ಬನೇ.
ಮಿಕ್ಕವರಿಗೆ ರತ್ನಕ್ಕ.
ಮೇಸ್ತ್ರಿಗೆ ಮೂರನೇ ಬೇಸಿನ್ನು.

ಕೈ ಎರಡೂ ಬಿಸಿನೀರಲ್ಲಿ.
ಫೋನು ಗೋಡೆಗೂಡಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ.
ಪಕ್ಕದ ಶಮ್ಶಾದು ಮೊಣಕೈಯಲ್ಲಿ ಒತ್ತಿ
ಸ್ಪೀಕರಿಗೆ ಹಾಕಿದಳು.

ಕೇವೈಸಿ ಮುಗಿದಿದೆಯಂತೆ.
ಸಂಜೆ ಐದಕ್ಕೆ ಖಾತೆ ಬಂದಂತೆ.
ಮೊನ್ನೆಯವನು ಕರೆಂಟು ಕಟ್ ಅಂದಿದ್ದ,
ಅದಕ್ಕೂ ಮುಂಚಿನವನು ಕಾರು ಬಂದಿದೆ ಅಂದಿದ್ದ.
ನಮ್ಮ ಓಣಿಯಲ್ಲಿ ಆಟೋ ತಿರುಗೋದೇ ಕಷ್ಟ,
ಎಲ್ಲಿ ನಿಲ್ಲಿಸಲಪ್ಪ, ಅಂದಿದ್ದೆ.

ಗೂಡು ಕುದಿಯುವಾಗ
ಬ್ರಷ್ಷಲ್ಲಿ ಮೇಲೆ ಮೇಲೆ ಸವರಬೇಕು.
ಒರಟಾದರೆ ಬರೀ ಕಸ ಏಳುತ್ತೆ.
ಮೆತ್ತಗೆ, ಹೆಸರು ಹಿಡಿದು ಕರೆದ ಹಾಗೆ.
ಆಗ ಒಂದು ತುದಿ ಬರುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣದು.
ಅದು ಸಿಕ್ಕಿತೋ, ಆಮೇಲೆ ನಮ್ಮ ಕೆಲಸವಿಲ್ಲ,
ಚರಕ ಎಳಕೊಳ್ಳುತ್ತೆ.
ಗೂಡು ತಾನಾಗೇ ಕುಣಿದು ಕುಣಿದು
ಸಾವಿರ ಗಜ ಬಿಚ್ಚಿ ಕೊಡುತ್ತೆ,
ಒಳಗಿನ ಹುಳ ಬೆತ್ತಲಾಗಿ ಮುಳುಗೋ ತನಕ.

ಶಮ್ಶಾದುಗೆ ಹಾಗೇ ಆಗಿತ್ತು, ರಂಜಾನಿಗೆ ಮುಂಚೆ.
"ಆಪಾ" ಅಂದನಂತೆ. ಆರು ಅಂಕಿ ಕೇಳಿದನಂತೆ.
ಹದಿನೇಳು ಸಾವಿರದ ಎಂಟುನೂರು,
ಚೀಟಿ ಎತ್ತಿದ ದುಡ್ಡು, ಮಗಳ ಡಿಪ್ಲೊಮಾ ಫೀಸು.
ಎರಡು ದಿನ ಯಾರಿಗೂ ಹೇಳಲಿಲ್ಲ.
ಮೂರನೇ ದಿನ ಬೇಸಿನ್ನಿಗೆ ಮೊಣಕೈವರೆಗೂ ಕೈ ಬಿಟ್ಟು
ಸುಮ್ಮನೆ ನಿಂತಿದ್ದಳು.
ನಾನೇ ಎಳೆದೆ.
ಬ್ಯಾಂಕಿನವರು "ನೀವ್ಯಾಕಮ್ಮ ಹೇಳಿದ್ರಿ?" ಅಂದರು.
ಗಂಡನೂ ಅದನ್ನೇ ಅಂದ. ಅವಳೂ ತನಗೆ ತಾನು ಅದನ್ನೇ.
ಫೋನು ಮಾಡಿದವನನ್ನ ಯಾರೂ ಏನೂ ಅನ್ನಲಿಲ್ಲ.

ಆವತ್ತಿಂದ ನಾವು ಫೋನು ಇಡೋದಿಲ್ಲ.
ನಮ್ಮ ಹತ್ತಿರ ಇದ್ದಷ್ಟು ಹೊತ್ತು
ಇನ್ನೊಬ್ಬಳ ಹತ್ತಿರ ಇರಲ್ಲವಲ್ಲ.

"ಮೇಡಂ, ನಂಬರ್ ಬಂತಾ?"
ಬಂತಪ್ಪ, ಬರಕೋ. ಇನ್ನೂರ ಹದಿನಾಲ್ಕು.
"ಆರು ಅಂಕಿ ಇರುತ್ತೆ ಮೇಡಂ."
ಅದು ಲಾಟ್ ನಂಬರು. ತೂಕಾನೂ ಸೇರಿಸ್ಕೋ,
ನಲವತ್ತೊಂದು ಕೇಜಿ ಮುನ್ನೂರು ಗ್ರಾಮು.
ಒತ್ತಿ ನೋಡಿದನೇನೋ, ಸ್ವಲ್ಪ ಹೊತ್ತು ಮಾತಿಲ್ಲ.
"ಅದೇನು ಸದ್ದು ಮೇಡಂ? ಒಂದು ನಿಮಿಷ ಆಚೆ ಬನ್ನಿ."
ಆಚೆ ಬಂದರೆ ಎಳೆ ಕಿತ್ತು ಹೋಗುತ್ತೆ,
ನೀನು ಬಂದು ಕಟ್ಟಿಕೊಡ್ತೀಯಾ?

ಹನ್ನೊಂದು ನಿಮಿಷ.
ಅವನ ಹಿಂದೆ ಹತ್ತಾರು ದನಿ, ಎಲ್ಲರದೂ ಒಂದೇ ಮಾತು,
ಸಾಲಾಗಿ ಬೇಸಿನ್ನು ಇಟ್ಟ ಹಾಗೆ.
ಯಾರೋ ಬೈದರು ಅವನಿಗೆ. ಅವರ ಮೇಸ್ತ್ರಿ ಇರಬೇಕು.
ನನಗೆ ನಗು ಬಂತು. ಪಾಪ ಅನ್ನಿಸಲಿಲ್ಲ.
ಆಗ ಶಮ್ಶಾದು ಬಗ್ಗಿ, ಗೋಡೆಗೂಡಿಗೆ ಬಾಯಿಟ್ಟು,
ಉರ್ದುವಿನಲ್ಲಿ ಒಂದೇ ಒಂದು ಮಾತು ಕೇಳಿದಳು.
ಏನಂತ ಇವತ್ತಿಗೂ ನನಗೆ ಹೇಳಿಲ್ಲ.
ಅವನೇ ಇಟ್ಟ.

ಶನಿವಾರ ರೇಷನ್ ಅಂಗಡಿ.
ಹೆಬ್ಬೆಟ್ಟು ಇಟ್ಟೆ. ಕೆಂಪು ದೀಪ.
ಸೆರಗಲ್ಲಿ ಒರೆಸಿ ಇಟ್ಟೆ. ಕೆಂಪು.
ಬೇರೆ ಬೆರಳು. ಕೆಂಪು.
ಹತ್ತೊಂಬತ್ತು ವರ್ಷ ಬಿಸಿನೀರು ತಿಂದ ಗೆರೆ,
ಎಲ್ಲಿಂದ ತಂದು ತೋರಿಸಲಿ?
ಊರಿಲ್ಲದ ಅವನಿಗೆ ನಾನು ಗೊತ್ತು, ಹುಟ್ಟಿದ ತಾರೀಕು ಸಮೇತ.
ಎದುರಿಗೇ ಇರೋ ಇದಕ್ಕೆ ಗೊತ್ತಿಲ್ಲ.

"ತಡಿಯಮ್ಮ, ಓಟಿಪಿ ಹಾಕ್ತೀನಿ" ಅಂದ
ಅಂಗಡಿ ನಾಗಭೂಷಣ.
ಫೋನು ಕುಂಯ್ ಅಂತು.
ಅಂಕಿ ಆರು. ಕೆಳಗೆ ಕನ್ನಡದಲ್ಲೇ:
ಯಾರಿಗೂ ಹೇಳಬೇಡಿ.

"ಹೇಳು" ಅಂದ. "ಜೋರಾಗಿ ಹೇಳು, ಕೇಳಿಸ್ತಿಲ್ಲ."
ಹಿಂದೆ ಇಪ್ಪತ್ತು ಚೀಲ, ಇಪ್ಪತ್ತು ಜನ.
ನಾಲ್ಕು, ಸೊನ್ನೆ, ಅಂದು ನಿಂತೆ.
ನಾಲಿಗೆ ಮೇಲೆ ತುದಿ.
"ಅಕ್ಕಿ ಮುಗಿದೋಗ್ತದೆ ರತ್ನಕ್ಕ" ಅಂದರು ಯಾರೋ.

ಹೇಳಿದೆ.